ರಾಗಿಯಲ್ಲಿಟ್ಟ ಮುಖಗಳು

ನನ್ನ ಬೀರುವಿನ ಎರಡನೆಯ ಅರೆಯಲ್ಲಿ, ಮದುವೆಯ ಸೀರೆಗೂ ಚಳಿಗಾಲದ ಶಾಲಿಗೂ ನಡುವೆ, ಒಂದು ಕಪ್ಪು ಡಬ್ಬಿ ಮಲಗಿದೆ. ಎಲೆಯಡಿಕೆಯ ಡಬ್ಬಿಗಿಂತ ತೆಳು, ಅಂಗೈಗಿಂತ ಕೊಂಚ ದೊಡ್ಡದು. ಆಮೇಲೆ ಕೊಂಡ ಅದರ ಜೋಡಿ ಹೊಳೆನರಸೀಪುರದಲ್ಲಿ ನನ್ನ ಮೈದುನನ ಮನೆಯಲ್ಲಿದೆ. ಮೊನ್ನೆ ಪಕ್ಕದ ಮನೆಯ ಜಯಮ್ಮ ಸೀರೆಯ ಅಂಚು ನೋಡಲು ಬಂದವಳು ಅದನ್ನು ಎತ್ತಿಕೊಂಡು, "ಇದೇನ್ರಕ್ಕಾ, ಕನ್ನಡಕದ ಡಬ್ಬಿನಾ?" ಎಂದಳು. "ಅಲ್ಲ ಕಣೆ, ಅದರೊಳಗೆ ಮೂರು ಸಾವಿರ ಜನ ಇದ್ದಾರೆ, ಮೆತ್ತಗೆ ಇಡು" ಎಂದೆ. ಅವಳು ಮೆತ್ತಗೆ ಇಟ್ಟಳು. ಆಮೇಲೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಅಂಚಿನ ವಿಷಯ ಕೇಳದೆಯೇ ಮನೆಗೆ ಹೋದಳು.

ಸಿಂಚನಾ, ಪ್ರೀತಮ್, ನೀವು ಅದಕ್ಕೆ ಹಾರ್ಡ್ ಡಿಸ್ಕ್ ಅನ್ನುತ್ತೀರಿ. ಅದನ್ನು ಕೊಂಡ ಕಥೆಯನ್ನು ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತೀರಿ. ನಾನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ನಗುತ್ತೇನೆ. ಆದರೆ ನೀವು ಹೇಳುವುದು ಅರ್ಧ. ಉಳಿದದ್ದು ನನ್ನ ಹತ್ತಿರ ಇದೆ. ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ಮಗ್ಗಿ ಕೇಳಿದರೆ, ಹದಿನೇಳರ ಮಗ್ಗಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದರೂ ಲಂಗದ ಅಂಚು ತಿರುಚುತ್ತ ನೆಲ ನೋಡುತ್ತಿದ್ದವಳು ನಾನು. "ಕೂತ್ಕೊ. ನಿನ್ ಸ್ಲೇಟಿಗೆ ಗೊತ್ತು, ನಿಂಗೆ ಗೊತ್ತಿಲ್ಲ" ಅನ್ನುತ್ತಿದ್ದರು ಮೇಷ್ಟ್ರು. ಬರೆಯಲು ಕೊಟ್ಟರೆ ಬರೆಯುತ್ತಿದ್ದೆ. ಈಗಲೂ ಅಷ್ಟೆ.

ನಿಮ್ಮ ತಾತನಿಗೆ ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇತ್ತು. ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ, ತೆಂಗಿನಕಾಯಿ ಮಂಡಿಯ ಪಕ್ಕದಲ್ಲಿ. ನೀವು ನೋಡುವ ಹೊತ್ತಿಗೆ ಅದು ಜೆರಾಕ್ಸ್ ಅಂಗಡಿಯಾಗಿತ್ತು. ಸ್ಟುಡಿಯೋಕ್ಕೆ ಜನ ಬಂದದ್ದಕ್ಕಿಂತ ತಾತ ಜನರ ಹತ್ತಿರ ಹೋದದ್ದೇ ಹೆಚ್ಚು. ಪಿಂಚಣಿಗೆ ಫೋಟೋ, ರೇಷನ್ ಕಾರ್ಡಿಗೆ ಫೋಟೋ, ಬ್ಯಾಂಕಿನ ಪಾಸ್‌ಬುಕ್ಕಿಗೆ ಫೋಟೋ ಎಂದು ಶುರುವಾದಾಗ, ಪೇಟೆಯ ತನಕ ಬರಲಾರದ ಮುದುಕ ಮುದುಕಿಯರು ಹಳ್ಳಿಹಳ್ಳಿಯಲ್ಲೂ ಇದ್ದರು. ತಾತ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಸ್ಕೂಟರ್ ಹತ್ತುತ್ತಿದ್ದರು. ಹಿಂದುಗಡೆ ನಾನು, ನನ್ನ ಮಡಿಲಲ್ಲಿ ಮಡಿಸಿದ ಒಂದು ನೀಲಿ ಬಟ್ಟೆ. ಊರ ಮುಂದಿನ ಕಟ್ಟೆಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿದರೆ, ಅವರ ಬೆನ್ನ ಹಿಂದೆ ನಾನು ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಕು. ನನಗೆಂದೇ ಹೇಳಿ ಮಾಡಿಸಿದ ಕೆಲಸ. ಇಡೀ ಊರು ಎದುರಿಗೆ ನೆರೆದಿದ್ದರೂ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಅವರ ಹೆಸರು, ಗಂಡನ ಹೆಸರು, ವಯಸ್ಸಿನ ಅಂದಾಜು, ಯಾವ ಸೊಸೆಯ ಮೇಲೆ ಎಷ್ಟು ಸಿಟ್ಟು, ಎಲ್ಲವನ್ನೂ ಬಟ್ಟೆಯ ಹಿಂದೆ ನಿಂತೇ ಕೇಳಿಸಿಕೊಳ್ಳುತ್ತಿದ್ದೆ.

ಮೊಸಳೆ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಮ್ಮೆ ಮೇಲಿನ ಬೀದಿಯ ಯಜಮಾನರೊಬ್ಬರು ಕೂತವರು ಎದ್ದುಬಿಟ್ಟರು. "ಕೆಳಗಿನ ಕೇರಿಯೋರಿಗೆ ಹಿಡಿದ ಬಟ್ಟೇನೇ ನಂಗೂ ಹಿಡೀತೀಯಲ್ಲಪ್ಪ" ಎಂದರು. ತಾತ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಬಟ್ಟೆ ಹಿಂದೆ ಇರೋದು ಯಜಮಾನ್ರೇ, ಮುಖ ಮುಂದಿರೋದು. ನಿಮ್ದು ಚೆನ್ನಾಗೈತೆ, ಕೂತ್ಕಳಿ" ಎಂದರು. ಹೊಗಳಿಕೆಗೆ ಸೋತು ಅವರು ಕೂತರು. ಬಟ್ಟೆಯ ಹಿಂದೆ ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ.

ಆ ಜನರಲ್ಲಿ ಎಷ್ಟೋ ಮಂದಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ನಾಲ್ಕು ಪ್ರತಿ ಕೊಟ್ಟರೆ ನಾಲ್ಕೂ ಅರ್ಜಿಗೆ ಅಂಟಿಕೊಂಡು ಕಚೇರಿಗೆ ಹೋಗುತ್ತಿದ್ದವು. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆಯೆಲ್ಲ ಹುಡುಕಿ, ಒಂದೂ ಸಿಗದೆ, ಸ್ಟುಡಿಯೋದ ನಂಬರಿಗೆ ಫೋನು ಮಾಡುತ್ತಿದ್ದರು. ಆ ನಂಬರು ಈಗ ನನ್ನ ಫೋನಿನಲ್ಲಿದೆ. "ನಮ್ಮಪ್ಪಂದು ಒಂದು ಮುಖ ಐತಾ ಅಮ್ಮ?" ಎಂದು ಕೇಳುತ್ತಾರೆ. ಫೋಟೋ ಅನ್ನುವುದಿಲ್ಲ, ಮುಖ ಅನ್ನುತ್ತಾರೆ.

ರೀಲಿನ ಕಾಲದ ನೆಗೆಟಿವ್‌ಗಳನ್ನು ತಾತ ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಜೋಪಾನ ಮಾಡಿದ್ದರು. ಒಂದು ಮಳೆಗಾಲ ಸ್ಟುಡಿಯೋದ ತಾರಸಿ ಸೋರಿ, ಡಬ್ಬಿ ತೆರೆದರೆ ಎಲ್ಲವೂ ಒಂದಕ್ಕೊಂದು ಅಂಟಿ ಹಸಿ ಹಪ್ಪಳದ ಕಟ್ಟಿನಂತಾಗಿದ್ದವು. ಬಿಡಿಸಲು ಹೋದರೆ ಮೂಗು ಒಂದರಲ್ಲಿ, ಕಣ್ಣು ಇನ್ನೊಂದರಲ್ಲಿ. ತಾತ ಆ ದಿನ ಊಟ ಮಾಡಲಿಲ್ಲ. ಆಮೇಲೆ ಹೊಸ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು, ಎಲ್ಲವೂ ಅದರೊಳಗೆ ಹೋಯಿತು. ಊರಿನ ಹೆಸರಿನಲ್ಲಿ ಇಟ್ಟರೇ ಹೊರತು ಜನರ ಹೆಸರು ಬರೆಯಲಿಲ್ಲ. "ಹೆಸ್ರು ನಿಂಗೆ ಗೊತ್ತಲ್ಲ" ಅನ್ನುತ್ತಿದ್ದರು. ಅವರು ಹೋದ ಮೇಲೆ ಆ ಕಂಪ್ಯೂಟರನ್ನು ಹಾಸನಕ್ಕೆ, ನಿಮ್ಮಮ್ಮನ ಮನೆಗೆ ತಂದಾಗ, ಕಾರಿನಲ್ಲಿ ಅದನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡು ಬಂದೆ. ದಾರಿಯ ಉಬ್ಬು ಬಂದಾಗಲೆಲ್ಲ ನಿಮ್ಮಪ್ಪ, "ಅತ್ತೆ, ಮಗುಗೆ ಏನೂ ಆಗ್ಲಿಲ್ಲ ತಾನೆ?" ಎಂದು ಕೇಳುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಸಾಕಮ್ಮ ಫೋನು ಮಾಡಿದಳು. ಅರಕಲಗೂಡಿನ ಕಡೆಯ ಒಂದು ಹಳ್ಳಿಯವಳು, ಕೂಲಿ ಮಾಡುವವಳು. ಅವಳ ತಾಯಿ ನಿಂಗಮ್ಮ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಪಿತೃಪಕ್ಷದಲ್ಲಿ ಹಿರಿಯರ ಫೋಟೋ ಇಟ್ಟು, ಹೊಸ ಬಟ್ಟೆ ಇಟ್ಟು, ಎಡೆ ಹಾಕಬೇಕು. ಫೋಟೋ ಇಲ್ಲ.

"ಬರೀ ಸೀರೆ ಮುಂದೆ ಎಡೆ ಇಕ್ಕಕಾಯ್ತದಾ ಅವ್ವ? ಯಾರ ಸೀರೆ ಅಂತ ಅವ್ಳಿಗೆ ಎಂಗೆ ಗೊತ್ತಾಗ್ಬೇಕು?" ಎಂದಳು.

"ಇದೆ ಸಾಕಮ್ಮ, ಬಾ" ಎಂದುಬಿಟ್ಟೆ. ನಾನು ಸುಲಭವಾಗಿ ಮಾತು ಕೊಡುವವಳಲ್ಲ. ಆದರೆ ನಿಂಗಮ್ಮ ನನಗೆ ಚೆನ್ನಾಗಿ ನೆನಪಿದ್ದಳು. ಯಾಕೆ ನೆನಪಿದ್ದಳು ಎನ್ನುವುದು ಮಾತ್ರ ಯಾರಿಗೂ ಹೇಳಿದ್ದಲ್ಲ.

"ರಾಗಿ ಕಳೆ ಐತೆ ಈಗ. ಗಣ್ಪತಿ ಅಬ್ಬ ಕಳೀಲಿ, ಪಕ್ಸಕ್ ಮುಂಚೆ ಬತ್ತೀನಿ" ಎಂದು ಇಟ್ಟಳು.

ಅದೇ ವಾರ ಕಂಪ್ಯೂಟರಿನ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟತೊಡಗಿತು. ಒಳ್ಳೆಯದು ನೆನೆದಾಗ ಲೊಚಗುಟ್ಟಿದರೆ ನಿಜವಾಗುತ್ತದೆ ಎಂದು ನಾನು ಎರಡು ದಿನ ಒಳ್ಳೊಳ್ಳೆಯದನ್ನೇ ನೆನೆದೆ. ಮೂರನೆಯ ದಿನ ಪ್ರೀತಮ್ ಬಂದು, "ಅಜ್ಜಿ, ಅದು ಹಲ್ಲಿ ಅಲ್ಲ, ಕಂಪ್ಯೂಟರ್" ಎಂದ. ಸಿಂಚನ ಕಿವಿಯಿಟ್ಟು ಕೇಳಿ ಮುಖ ಸಣ್ಣದು ಮಾಡಿದಳು. "ಇದರ ಒಳಗಿನ ಡಿಸ್ಕ್ ಹೋಗೋ ಹಾಗಿದೆ. ಯಾರೂ ಆನ್ ಮಾಡ್ಬೇಡಿ. ಹೊರಗಿನ ಡಿಸ್ಕ್ ಒಂದು ತಂದು ಎಲ್ಲಾನೂ ಕಾಪಿ ಮಾಡ್ಕೊಬೇಕು." ನನಗೆ ಹಪ್ಪಳದ ಕಟ್ಟು ಕಣ್ಣಿಗೆ ಬಂತು.

ಮರುದಿನವೇ ಸಿಂಚನಳ ಜೊತೆ ಹಾಸನದ ಪೇಟೆಗೆ ಹೋದೆ. ಅಂಗಡಿಯ ಯಜಮಾನ ಗಾಜಿನ ಮೇಲೆ ಮೂರು ಡಬ್ಬಿ ಜೋಡಿಸಿ, ಇವೆರಡರಲ್ಲಿ ಒಳಗೆ ತಟ್ಟೆ ಸುತ್ತುತ್ತದೆ, ಇದೊಂದರಲ್ಲಿ ಏನೂ ಸುತ್ತುವುದಿಲ್ಲ, ಕೈಜಾರಿ ಬಿದ್ದರೂ ತಡೆಯುತ್ತದೆ, ಬೆಲೆ ಜಾಸ್ತಿ ಎಂದೆಲ್ಲ ವಿವರಿಸಿದ. ಅವನು ಹೇಳುತ್ತಿದ್ದಂತೆ ನನ್ನ ಕೈ ತನ್ನಷ್ಟಕ್ಕೆ ಒಂದನ್ನು ಎತ್ತಿಕೊಂಡು, ಕಿವಿಯ ಹತ್ತಿರ ತಂದು, ಎರಡು ಸಲ ಕುಲುಕಿತು.

"ಅಮ್ಮಾ, ಅಮ್ಮಾ, ಅಲ್ಲಾಡಿಸ್ಬೇಡಿ" ಎಂದು ಯಜಮಾನ ಗಾಜಿನ ಆ ಕಡೆಯಿಂದ ಎರಡೂ ಕೈ ಚಾಚಿದ, ಯಾರೋ ಕೂಸನ್ನು ಬೀಳಿಸುತ್ತಿದ್ದಾರೆ ಎಂಬಂತೆ.

ನಾನು ಸಿಂಚನಳ ಕಿವಿಯಲ್ಲಿ, "ಇದು ಸದ್ದೇ ಮಾಡ್ತಿಲ್ವಲ್ಲೆ" ಎಂದೆ.

"ಸದ್ದು ಮಾಡಬಾರದು ಅಜ್ಜಿ. ಮಾಡಿದ್ರೆ ಹಾಳಾಗಿದೆ ಅಂತ."

ನನ್ನ ತಪ್ಪಲ್ಲ. ನನ್ನ ತವರು ಚನ್ನರಾಯಪಟ್ಟಣದ ಕಡೆ. ಅಲ್ಲಿ ನಮ್ಮ ಅಟ್ಟದ ತುಂಬ ತೆಂಗಿನಕಾಯಿ. ಒಲೆಯ ಹೊಗೆ ತಾಗುತ್ತ, ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಒಣಗಬೇಕು. ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ತಿಳಿಯಲು ನಮ್ಮವ್ವ ನನ್ನನ್ನು ಅಟ್ಟ ಹತ್ತಿಸುತ್ತಿದ್ದಳು. ನಾನು ಸಣ್ಣವಳು, ಜಂತಿಗೆ ತಲೆ ತಾಗುತ್ತಿರಲಿಲ್ಲ. ಹೊಗೆ ಹಿಡಿದು ಕಪ್ಪಾದ ಕಾಯಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಕುಲುಕುವುದು. ಕೆಳಗಿನಿಂದ ಅವ್ವ, "ಮಾತಾಡ್ತದಾ?" ಎಂದು ಕೂಗುವಳು. ಲೊಟಲೊಟ ಎಂದರೆ "ಮಾತಾಡ್ತದೆ" ಎಂದು ಕೆಳಗೆ ಉರುಳಿಸಬೇಕು. ಸುಮ್ಮನಿದ್ದರೆ "ಇನ್ನೂ ನಿನ್ನಂಗೇ ಅದೆ, ಬಿಡು ಅಲ್ಲೇ" ಅನ್ನುವಳು. ಮಾತಾಡದ ಕಾಯನ್ನು ನಂಬಬಾರದು ಎಂದು ಬೆಳೆದ ಕಿವಿ ಇದು. ಹಾರ್ಡ್ ಡಿಸ್ಕಿನಲ್ಲಿ ನ್ಯಾಯ ತಿರುಗಾಮುರುಗಾ ಇರುತ್ತದೆಂದು ಅದಕ್ಕೆ ಯಾರು ಹೇಳಿದ್ದರು?

ಬಾಳಿಕೆಯ ಮಾತು ಕೇಳಬೇಕಿತ್ತು. ನಾನು ಪಿಸುಗುಟ್ಟುವುದು, ಸಿಂಚನ ಗಟ್ಟಿಯಾಗಿ ಕೇಳುವುದು, ಯಜಮಾನ ನನ್ನ ಕಡೆ ನೋಡಿ ಉತ್ತರಿಸುವುದು, ಹೀಗೆ ನಡೆಯಿತು.

"ಮೂರು ವರ್ಷ ಗ್ಯಾರಂಟಿ ಅಮ್ಮ."

ನಾನು ಪಿಸುಗುಟ್ಟಿದೆ. ಸಿಂಚನ, "ಮೂರು ವರ್ಷ ಆದ್ಮೇಲೆ ಒಳಗಿರೋ ಜನ ಎಲ್ಲಿಗೆ ಹೋಗ್ತಾರೆ ಅಂತ ಕೇಳ್ತಿದ್ದಾರೆ ನಮ್ಮಜ್ಜಿ" ಎಂದಳು.

ಆ ಮನುಷ್ಯ ಪ್ರಾಮಾಣಿಕ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ನಿಜ ಹೇಳ್ಬೇಕಂದ್ರೆ ಅಮ್ಮ, ಗ್ಯಾರಂಟಿ ಇರೋದು ಡಬ್ಬಿಗೆ. ಕೆಟ್ಟೋದ್ರೆ ಹೊಸ ಡಬ್ಬಿ ಕೊಡ್ತಾರೆ. ಒಳಗಿದ್ದಿದ್ನ ಯಾರೂ ವಾಪಸ್ ಕೊಡಲ್ಲ. ಅದಕ್ಕೇ ಯಾವಾಗ್ಲೂ ಎರಡು ಕಡೆ ಇಟ್ಕೊಂಡಿರ್ಬೇಕು."

ಸಿಂಚನ ಆ ಚಿಕ್ಕದನ್ನು, ಸುತ್ತದೇ ಇರುವುದನ್ನು ಕೊಳ್ಳೋಣ ಎಂದಳು. ನಾನು ಅದನ್ನೂ ತಟ್ಟೆ ಸುತ್ತುವ ಒಂದನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಚಿಕ್ಕದು ಸುಟ್ಟ ಹಪ್ಪಳದಷ್ಟು ಹಗುರ. ಸಾಲಗಾಮೆಯ ಸುತ್ತಿನ ಹಳ್ಳಿಗಳಿಂದ ಹಿಡಿದು ಅರಕಲಗೂಡಿನ ತನಕದ ಜನವೆಲ್ಲ ಅದರಲ್ಲಿ ಕೂರಬೇಕು, ಕೆಲವರಂತೂ ಒಳ್ಳೆ ದಪ್ಪಗಿದ್ದವರು. ತೂಕವಿರುವುದೇ ಇರಲಿ ಎಂದೆ. ಸಿಂಚನ ಯಜಮಾನನ ಮುಖ ನೋಡಿದಳು, ಯಜಮಾನ ಗೋಡೆ ನೋಡಿದ. ತೂಕದ್ದನ್ನೇ ತಂದೆವು.

ಭಾನುವಾರ ಕಾಪಿ ಮಾಡಲು ಕೂತಳು. ಇನ್ನು ಮೂರು ಗಂಟೆ ಎಂದು ತೋರಿಸಿತು. ಅನ್ನಕ್ಕೆ ಇಟ್ಟು ಬಂದರೆ ಹನ್ನೊಂದು ನಿಮಿಷ. ಸಾರಿಗೆ ಒಗ್ಗರಣೆ ಹಾಕಿ ಬಂದರೆ ಐದು ಗಂಟೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ "ಈಗ ಬಂತು, ಈಗ ಬಂತು" ಅನ್ನುವ ಏಜೆಂಟನ ಹಾಗೆ. ಕೊನೆಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. "ಈಗ ಎರಡು ಕಡೆ ಇದೆ ಅಜ್ಜಿ, ನೆಮ್ಮದಿಯಾಗಿರು" ಎಂದಳು ಸಿಂಚನ. ನೆಮ್ಮದಿ ಹತ್ತು ದಿನ ಇತ್ತು. ಹನ್ನೊಂದನೆಯ ದಿನ ಆನ್ ಮಾಡಿ ನೋಡಿದರೆ ಹಳೆಯ ಕಂಪ್ಯೂಟರ್ ಒಂದು ಸಲ ಲೊಚಗುಟ್ಟಿ ಸುಮ್ಮನಾಯಿತು, ಮತ್ತೆ ಏಳಲಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, "ಮುಗೀತು" ಎಂದು ಸ್ಕ್ರೂ ತಿರುಗಿಸಿದ. ಮತ್ತೆ ಒಂದೇ ಕಡೆ ಆಯಿತು. ಪರೀಕ್ಷೆ ಮುಗಿಯಲಿ, ಇನ್ನೊಂದು ತರೋಣ ಎಂದಳು ಸಿಂಚನ.

ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ನನ್ನ ತಮ್ಮನ ಮನೆಯ ಮದುವೆ ಬಂತು. ಎಲ್ಲರೂ ಮೂರು ದಿನ ಹೋಗಬೇಕು, ಮನೆಗೆ ಬೀಗ. ಹಿಂದಿನ ಬೀದಿಯಲ್ಲಿ ಯಾರದೋ ಮನೆಯ ಬೀರು ಒಡೆದಿದ್ದರು. ಹೊರಡುವ ಮುಂಚೆ ನನ್ನ ಎರಡು ಬಳೆಗಳನ್ನು ಕೈಗೆ ಹಾಕಿಕೊಂಡೆ, ಡಿಸ್ಕನ್ನು ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ.

ಇಲ್ಲಿಂದ ಮುಂದಿನದಕ್ಕೆ ನೀವು ನಗುವುದು. ಆದರೆ ನನ್ನ ಲೆಕ್ಕಾಚಾರ ಕೇಳಿ. ಧಾನ್ಯದಲ್ಲಿ ಹುಳ ಹಿಡಿಯದ್ದು ರಾಗಿ ಒಂದೇ. ಅವರೆಬೇಳೆಯನ್ನು ಕೂಡ ರಾಗಿಯಲ್ಲಿ ಬೆರೆಸಿಟ್ಟು ಕಾಪಾಡುತ್ತೇವೆ. ನಮ್ಮ ಅತ್ತೆ ತನ್ನ ಕಿವಿಯ ಬುಗುಡಿಯನ್ನು ರಾಗಿಯ ವಾಡೆಯಲ್ಲಿ ವರ್ಷಗಟ್ಟಲೆ ಇಟ್ಟಿದ್ದಳು, ತೆಗೆದಾಗ ಹೊಸದರ ಹಾಗಿತ್ತು. ಪ್ರೀತಮ್ ತನ್ನ ಫೋನನ್ನು ಬಕೆಟ್ಟಿನಲ್ಲಿ ಬೀಳಿಸಿಕೊಂಡಾಗ ನೀವೇ ಅಲ್ಲವೇ ಅದನ್ನು ಅಕ್ಕಿಯಲ್ಲಿ ಹೂತಿಟ್ಟದ್ದು? ಫೋನಿಗೆ ಅಕ್ಕಿಯಾದರೆ ಡಿಸ್ಕಿಗೆ ರಾಗಿ ಎಂದು ನನಗನ್ನಿಸಿದ್ದರಲ್ಲಿ ತಪ್ಪೇನು? ಪ್ಲಾಸ್ಟಿಕ್ ಕವರಿಗೆ ಹಾಕಲಿಲ್ಲ, ಅದರಲ್ಲಿ ಬೆವರುತ್ತದೆ ಎಂದು. ತಾತನ ಕರವಸ್ತ್ರದಲ್ಲಿ ಸುತ್ತಿ, ಅಡುಗೆಮನೆಯ ರಾಗಿಯ ಡ್ರಮ್ಮಿನೊಳಗೆ ಮೊಣಕೈ ತನಕ ಕೈ ಇಳಿಸಿ ಮಲಗಿಸಿ, ಮೇಲೆ ರಾಗಿ ಸರಿಸಿ ಸಮ ಮಾಡಿದೆ. ಯಾರಿಗೂ ಹೇಳಲಿಲ್ಲ. ಬಚ್ಚಿಟ್ಟ ಜಾಗ ಹೇಳಿದರೆ ಬಚ್ಚಿಟ್ಟ ಹಾಗಾಯಿತೇ? ಮದುವೆ ಮುಗಿಸಿ ಬಂದ ಮೇಲೂ, ಇದಕ್ಕಿಂತ ಭದ್ರವಾದ ಜಾಗ ಇಲ್ಲವೆಂದು ಅಲ್ಲೇ ಬಿಟ್ಟೆ.

ಗಣಪತಿ ಹಬ್ಬ ಕಳೆದು, ಪಿತೃಪಕ್ಷ ಹಿಡಿಯುವ ಮುಂಚಿನ ಒಂದು ಭಾನುವಾರ ಸಾಕಮ್ಮ ಬಂದಳು. ಕೈಚೀಲದಲ್ಲಿ ಒಂದು ಕಟ್ಟು ಅಣ್ಣೆಸೊಪ್ಪು, ಹೊಲದ್ದು.

"ಅರ್ಕಲ್ಗೂಡಿಂದ ನಿಂತ್ಕಂಡೇ ಬಂದೆ ಕಣವ್ವ. ಎಲ್ಲವ್ಳೆ ನಮ್ಮವ್ವ?" ಎಂದು ಸೋಫಾದ ಅಂಚಿನಲ್ಲಿ ಕೂತಳು.

ಸಿಂಚನ ತನ್ನ ಲ್ಯಾಪ್‌ಟಾಪ್ ತೆರೆದು, "ಅಜ್ಜಿ, ಡಿಸ್ಕ್ ಕೊಡು" ಎಂದಳು. ನಾನು ಅಡುಗೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದು ತೋಳು ಮಡಿಸಿಕೊಂಡೆ. ನೀರು ಕುಡಿಯಲು ಬಂದ ಸಾಕಮ್ಮ ಬಾಗಿಲಲ್ಲಿ ನಿಂತು, "ಈಗ್ಯಾಕವ್ವ ರಾಗಿ ತಗೀತಿದ್ದೀರಿ? ನಂಗೇನೂ ಮುದ್ದೆ ಬ್ಯಾಡ, ಮೊದ್ಲು ಅವ್ವನ್ ಮುಖ ನೋಡನ" ಎಂದಳು. ನಾನು ಮೊಣಕೈ ತನಕ ಇಳಿಸಿ, ತಡಕಿ, ಡಿಸ್ಕನ್ನು ಎಳೆದು ತೆಗೆದೆ. ಕರವಸ್ತ್ರ ಅರ್ಧ ಬಿಚ್ಚಿಹೋಗಿತ್ತು.

ಸಿಂಚನ ವೈರು ತಂದು ಚುಚ್ಚಲು ನೋಡಿದಳು, ಒಳಗೆ ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜಿ, ಇದರ ಬಾಯಲ್ಲಿ ರಾಗಿ ತುಂಬಿದೆ."

ಪ್ರೀತಮ್ ನಕ್ಕ. ನಿಮ್ಮಮ್ಮ ಅವನ ತಲೆಗೆ ಒಂದು ಮೊಟಕಿದಳು. ಸಿಂಚನ ಸೂಜಿ ತಂದಳು, ಆದರೆ ಒಳಗಿನ ಹಳದಿ ತಂತಿಗಳಿಗೆ ತಾಗಿದರೆ ಎಲ್ಲ ಹೋಗುತ್ತದೆ ಎಂದು ಕೈ ಹಿಂದೆಗೆದಳು. ನನ್ನ ಕಿವಿಯಲ್ಲಿ ನಾನೇ ಹೇಳಿದ್ದ ಮಾತು, "ಇದೆ ಸಾಕಮ್ಮ, ಬಾ." ಎರಡು ಬಸ್ಸು ಹಿಡಿದು ಬಂದವಳನ್ನು ಬರಿಗೈಯಲ್ಲಿ ಕಳಿಸಬೇಕು, ಅವಳ ಮನೆಯವರು ಹಬ್ಬದ ದಿನ ಬರಿಯ ಸೀರೆಗೆ ಎಡೆ ಹಾಕಬೇಕು, ನನ್ನ ಬುದ್ಧಿವಂತಿಕೆಗೆ. ನಾನು ಸೆರಗಿನ ತುದಿ ತಿರುಚುತ್ತ ನೆಲ ನೋಡತೊಡಗಿದೆ.

ಸಾಕಮ್ಮ ಎದ್ದು ಬಂದಳು. "ಇತ್ತಾಗ್ ಕೊಡು ಮಗ. ರಾಗಿ ತಾನೆ. ರಾಗಿ ಜತೆ ನಂದು ಐವತ್ತು ವರ್ಷದ ಜಗಳ."

ಡಿಸ್ಕನ್ನು ಬಾಯಿ ಕೆಳಗೆ ಮಾಡಿ ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳಿಂದ ಬೆನ್ನು ತಟ್ಟಿದಳು, ಹಾಲು ಕುಡಿದ ಕೂಸಿಗೆ ತೇಗು ಬರಿಸುವಷ್ಟು ಮೆತ್ತಗೆ. ಎರಡು ಕಾಳು ಬಿದ್ದವು. ಮತ್ತೆ ತಟ್ಟಿದಳು, ಇನ್ನೊಂದು. ಆಮೇಲೆ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದು, ತುದಿಯನ್ನು ಹಲ್ಲಿನಿಂದ ಚಪ್ಪಟೆ ಮಾಡಿ, ಉಸಿರು ಬಿಗಿಹಿಡಿದು ಮೂಲೆಯಲ್ಲಿದ್ದ ಇನ್ನೆರಡನ್ನು ಜಾರಿಸಿದಳು. ಅಂಗೈಯಲ್ಲಿ ಐದು ಕಾಳು ಇಟ್ಟುಕೊಂಡು ನೋಡಿದಳು.

"ಇಷ್ಟು ರಾಗಿ ನಮ್ಮವ್ವನ್ನ ತಡ್ದಿತ್ತಲ್ಲ. ಬದುಕಿದ್ದಾಗ ಅರ್ಧ ಪಲ್ಲದ ಮೂಟೆ ಒತ್ಕಂಡು ನಡೀತಿದ್ಲು" ಎಂದಳು.

ಸಿಂಚನ ವೈರು ಚುಚ್ಚಿದಳು. ನಾವು ಐದು ಜನ ಆ ಡಬ್ಬಿಯನ್ನೇ ನೋಡುತ್ತ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ನೀಲಿ ದೀಪ ಬಂತು, ಒಳಗೆ ತಟ್ಟೆ ಸುತ್ತುವ ಸದ್ದು ಜೇನಿನ ಹಾಗೆ ಕೇಳಿಸಿತು.

ಸಾಕಮ್ಮನ ಊರು ತೆರೆಯಿತು. ಮುಖದ ಹಿಂದೆ ಮುಖ. ಸಾಕಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಊರಿನ ಪಟ್ಟಿ ಒಪ್ಪಿಸತೊಡಗಿದಳು. "ಇವ್ನು ಸತ್ತೋದ. ಇವ್ಳು ಮಗಳ ಮನೇಲವ್ಳೆ. ಇವ್ನೋಡಿ, ಪಿಂಚಣಿ ಬರ್ಲಿ ಅಂತ ಗಡ್ಡ ಬಿಟ್ಕಂಡ್ ಬಂದವ್ನೆ ಕಳ್ಳ." ಆಮೇಲೆ ಒಂದು ಮುಖ ಬಂತು.

ನಿಂಗಮ್ಮ. ಹಣೆ ಗಂಟಿಕ್ಕಿ, ತುಟಿ ಬಿಗಿದು, ಕ್ಯಾಮೆರಾ ಏನೋ ಕದಿಯಲು ಬಂದಿದೆ ಎಂಬಂತೆ ನೋಡುತ್ತಿದ್ದಳು.

ಸಾಕಮ್ಮ ಪರದೆಯನ್ನು ಮುಟ್ಟಲಿಲ್ಲ. "ಇಲ್ ಬಂದ್ ಕೂತಿದ್ದೀಯಾ" ಎಂದಳು, ಗದರಿಸುವ ದನಿಯಲ್ಲಿ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದೇ ಕಣವ್ವ. ಇಂಗೇ ನೋಡೋಳು ನನ್ನ. ಇದ್ನೇ ದೊಡ್ದು ಮಾಡ್ಕೊಡಿ."

ಸಿಂಚನ ಬಾಣದ ಗುರುತು ಒತ್ತಿದಳು. ಮುಂದಿನ ಫೋಟೋ ಬಂತು. ಅದೇ ಕಟ್ಟೆ, ಅದೇ ಸೀರೆ. ಆದರೆ ಬೆನ್ನ ಹಿಂದೆ ನೀಲಿ ಬಟ್ಟೆ ಇಲ್ಲ, ಬರಿಯ ಬಯಲು. ಮುದುಕಿ ಪಕ್ಕಕ್ಕೆ ತಿರುಗಿ, ಗದ್ದ ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದಳು. ಕಣ್ಣು ಎರಡು ಗೆರೆಯಾಗಿದ್ದವು.

"ಇದ್ಯಾರವ್ವ?" ಎಂದಳು ಸಾಕಮ್ಮ.

"ಅದೂ ನಿಮ್ಮವ್ವನೇ."

"ಅಲ್ಲ ಕಣ್ಬುಡಿ. ಉಟ್ದಾಗಿಂದ ಅವ್ಳ ಜತೇಲೇ ಗೇದಿವ್ನಿ. ಅವ್ಳ ಬಾಯಲ್ಲಿ ಅಲ್ಲೆಷ್ಟವೆ ಅಂತ್ಲೇ ನಂಗೊತ್ತಿರ್ನಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಯಾತಕ್ ನಕ್ಳವ್ವ? ನೀವಲ್ಲೇ ಇದ್ರಲ್ಲ. ಅದ್ನೇಳಿ" ಎಂದಳು.

ನನಗೆ ಗೊತ್ತಿತ್ತು. ಆ ಫೋಟೋವನ್ನು ಅಳಿಸಿಬಿಡಿ ಎಂದು ಅವತ್ತು ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ತಾತನನ್ನು ಬೇಡಿಕೊಂಡಿದ್ದೆ. "ಆಯ್ತು ಕಣೆ, ಆಯ್ತು" ಎಂದಿದ್ದರು. ಅಳಿಸಿದ್ದಾರೆ ಎಂದೇ ನಂಬಿದ್ದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದಿರಿ. ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಸಾಕಮ್ಮ ಕಾಯುತ್ತಿದ್ದಳು. ತಾಯಿ ಒಂದೇ ಒಂದು ಸಲ ನಕ್ಕದ್ದು ಯಾಕೆಂದು ತಿಳಿಯದೆ ಅವಳನ್ನು ಬಸ್ಸಿಗೆ ಕಳಿಸುವುದು ಹೇಗೆ? ನಾನು ಎದ್ದು ದಿವಾನದ ಮೇಲಿನ ಹೊದಿಕೆಯನ್ನು ಎಳೆದುಕೊಂಡೆ. ಅವತ್ತಿನ ಹಾಗೆ ಎರಡು ಕೈಯಲ್ಲಿ ಎತ್ತಿ ಹಿಡಿದೆ. "ಗಾಳಿ ಬಂತು" ಎಂದೆ ಹೊದಿಕೆಯ ಹಿಂದಿನಿಂದ. ಹೊದಿಕೆಯನ್ನು ತಲೆಯ ಮೇಲೆ ಹಾಕಿಕೊಂಡು ಸುತ್ತಿಕೊಂಡೆ. "ಬಿಡಿಸಿಕೊಳ್ಳಕ್ಕೆ ಆಗ್ಲಿಲ್ಲ. ಕಣ್ಣು ಕಾಣ್ಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ, ಕಟ್ಟೆ ಮುಗ್ದೋಯ್ತು. ಕೆಳಗೆ ಯಾರದೋ ಕರು ಮಲಗಿತ್ತು." ಹೊದಿಕೆಯೊಳಗಿನಿಂದಲೇ ಹಿಂದಕ್ಕೆ ತಡಕಿ ಪ್ರೀತಮ್‌ನ ಸ್ಟೂಲಿನ ಮೇಲೆ ಧೊಪ್ಪನೆ ಕೂತೆ. "ಅದರ ಮೇಲೆ ಕೂತೆ. ಅದು ಎದ್ದು ನಿಂತ್ಕೊಂಡ್ತು. ನಾನೂ ಮೇಲೆ ಹೋದೆ. ಕಟ್ಟೆ ಸುತ್ತ ಅರ್ಧ ಸುತ್ತು ಹೋಯ್ತು, ನನ್ನ ಹೊತ್ಕೊಂಡು."

ಹೊದಿಕೆಯ ಆಚೆ ಒಂದು ನಗು ಕೇಳಿಸಿತು. ನಾನು ಮುಸುಕು ತೆಗೆದು ನೋಡಿದೆ. ಸಾಕಮ್ಮ ಪಕ್ಕಕ್ಕೆ ತಿರುಗಿ, ಗದ್ದ ಮೇಲೆತ್ತಿ, ಕಣ್ಣು ಎರಡು ಗೆರೆ ಮಾಡಿಕೊಂಡು ನಗುತ್ತಿದ್ದಳು. ಅವಳ ಹಿಂದೆ ಪರದೆಯಲ್ಲಿ ಅವಳ ತಾಯಿ ಹಾಗೆಯೇ ನಗುತ್ತಿದ್ದಳು. ಸಿಂಚನ ಒಮ್ಮೆ ಇವಳನ್ನು ನೋಡಿದಳು, ಒಮ್ಮೆ ಅವಳನ್ನು. ನಿಮ್ಮಿಬ್ಬರ ಕೈಯಲ್ಲೂ ಫೋನು ಇತ್ತು, ಇಬ್ಬರೂ ತೆಗೆಯಲು ಮರೆತಿರಿ. ಆ ನಗು ಯಾವ ಡಬ್ಬಿಯಲ್ಲೂ ಇಲ್ಲ. ಈಗ ಬರೆದಿಟ್ಟಿರುವುದು ಅದಕ್ಕೇ.

ಊಟ ಮಾಡಿಸಿದೆ. ಅಷ್ಟರಲ್ಲಿ ಸಿಂಚನ ಬೀದಿ ತುದಿಯ ಅಂಗಡಿಯಿಂದ ಎರಡು ಪ್ರತಿ ತಂದಳು. ಗಂಟಿಕ್ಕಿದ ಮುಖ ಚೌಕಟ್ಟಿಗೆ ಬರುವಷ್ಟು ದೊಡ್ಡದು, ನಗುವ ಮುಖ ಅಂಗೈಯಷ್ಟು. ಸಾಕಮ್ಮ ದೊಡ್ಡದನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಚಿಕ್ಕದನ್ನು ಕೈಯಲ್ಲೇ ಹಿಡಿದು ಬಾಗಿಲ ತನಕ ನಡೆದಳು.

"ಅದನ್ನೂ ಪಕ್ಕದಲ್ಲಿ ಇಡು, ಎಡೆಗೆ" ಎಂದೆ.

"ಇದ್ನ ಇಡಕಿಲ್ಲ ಕಣವ್ವ" ಎಂದಳು ಚಪ್ಪಲಿ ಮೆಟ್ಟುತ್ತ. "ಇಂಗೆ ನಕ್ಕಂಡ್ ಕೂತಿದ್ರೆ ಸತ್ತೋಗವ್ಳೆ ಅಂತ ಯಾರ್ ನಂಬ್ತಾರೆ?" ಅದನ್ನು ಮಡಿಸದೆ ಕುಪ್ಪಸದೊಳಗೆ ಇಟ್ಟುಕೊಂಡು, ಮೇಲಿನಿಂದ ಸೆರಗು ಸರಿಮಾಡಿಕೊಂಡು, ಅರಕಲಗೂಡಿನ ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ನಡೆದಳು.